ಜೈಲಿನೊಳಗಿನ ಶಿಕ್ಷೆಗೆ ನ್ಯಾಯಾಧೀಶರು ಬೇಡವೇ?

ಪರಪ್ಪನ ಅಗ್ರಹಾರ ಜೈಲಿನ ‘ರಾಜಾತಿಥ್ಯ’ದ ಫೋಟೊ ಹೊರಬಿದ್ದ ಮೇಲೆ, 2024ರ ಆಗಸ್ಟ್‌ನಲ್ಲಿ, ನಟ ದರ್ಶನ್ ಅವರನ್ನು ನ್ಯಾಯಾಲಯದ ಅನುಮತಿ ಪಡೆದೇ ಬಳ್ಳಾರಿಗೆ ಸಾಗಿಸಲಾಯಿತು. ಆಗಬೇಕಾದದ್ದೇ. ಆದರೆ ಅದೇ ಜೈಲಿನಲ್ಲಿರುವ ಕೆಂಗೇರಿಯ ಆಟೋ ಚಾಲಕನನ್ನೋ ವಿಜಯನಗರದ ಕೂಲಿಯವನನ್ನೋ ಒಂಟಿ ಕೋಣೆಗೆ ತಳ್ಳಿ, ಮನೆಯವರ ಭೇಟಿಯನ್ನೂ ನಿಲ್ಲಿಸಿದರೆ ಕೇಳುವವರು ಯಾರು? ದೂರುವವರು, ವಿಚಾರಿಸುವವರು, ಶಿಕ್ಷಿಸುವವರು ಎಲ್ಲರೂ ಜೈಲಿನವರೇ!

ಸಹಕೈದಿಯ ಮೇಲಾದ ಚಿತ್ರಹಿಂಸೆಯ ಬಗ್ಗೆ ತಿಹಾರ್ ಜೈಲಿನಿಂದ ಸುನಿಲ್ ಬಾತ್ರಾ ಬರೆದ ಪತ್ರವನ್ನೇ ಅರ್ಜಿಯೆಂದು ಸ್ವೀಕರಿಸಿದ ಸುಪ್ರೀಂ ಕೋರ್ಟ್ 1979ರಲ್ಲೇ ಸ್ಪಷ್ಟಪಡಿಸಿತ್ತು: ಇಂಥ ಶಿಕ್ಷೆಗಳಿಗೆ ಸೆಷನ್ಸ್ ನ್ಯಾಯಾಧೀಶರ ಪರಿಶೀಲನೆ ಬೇಕು, ತುರ್ತಿದ್ದರೆ ಎರಡು ದಿನದೊಳಗೆ ಅವರಿಗೆ ತಿಳಿಸಬೇಕು.

ಆ ಮಾತು ಪ್ರತಿ ಕೈದಿಯ ವಿಷಯದಲ್ಲೂ ನಡೆಯಲಿ. ನಾವು ಯಾರ ದಯೆಯನ್ನೂ ಬೇಡುತ್ತಿಲ್ಲ.