ಕಿಟ್ ಹಂಚಿದರೆ ಮುಗೀತೇ?

ಸೊಲ್ಲಾಪುರ: 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಬಿತ್ತು, ಚಾದರ-ಟವೆಲ್ ನೇಯುವ ಪವರ್‌ಲೂಮ್‌ಗಳೂ ನಿಂತವು. ನೇಯ್ದಷ್ಟಕ್ಕೇ ಕೂಲಿ, ಮಗ್ಗ ನಿಂತರೆ ಪಗಾರ ಎಲ್ಲಿಂದ? ಪೂರ್ತಿ ಪಗಾರ ಕೊಡಿರೆಂದು ಕೇಂದ್ರ ಮಾರ್ಚ್ 29ರಂದು ಹೊರಡಿಸಿದ ಆದೇಶ ಮೇ 18ಕ್ಕೆ ಹೋಯಿತು. 2013ರ ಕಂಪನಿ ಕಾಯ್ದೆ ಸಾಮಾಜಿಕ ಹೊಣೆ ಹೊರಿಸಿದ್ದು ದೊಡ್ಡ ಕಂಪನಿಗಳಿಗೆ. ಅಪ್ಪ-ಮಕ್ಕಳ ಪಾಲುದಾರಿ ಕಾರಖಾನೆಗೆ ಅದು ತಾಕುವುದಿಲ್ಲ.

ಆದರೆ ಯಾವ ಕಾಮಗಾರನ ಮನೆಯಲ್ಲಿ ಎಷ್ಟು ಜನ, ಯಾರಿಗೆ ಸಕ್ಕರೆ ಕಾಯಿಲೆ ಎಂಬುದು ಇಂಥ ಮಾಲಕರಿಗೇ ಗೊತ್ತು. ಊರವರಿಗೆ ಕಿಟ್ ಹಂಚಿ ಫೋಟೊ ತೆಗೆಸಿಕೊಳ್ಳುವುದು ತಪ್ಪಲ್ಲ ಬಿಡಿ. ಮೊದಲು ತಮ್ಮ ಮಗ್ಗದವರಿಗೆ ಕೂಲಿ ಮುಟ್ಟಬೇಕು, ಮುಂಗಡ ಅಂತ ಬರೆದು ಆಮೇಲೆ ಮುರಿದುಕೊಳ್ಳದ ಹಾಗೆ. ನೂಲಿನ ಬಾಕಿ, ಬ್ಯಾಂಕಿನ ಕಂತು ಮಾಲಕರಿಗೂ ಇರ್ತಾವ, ಖರೆ. ಅರ್ಧವಾದರೂ ಕೊಡಲಿ. ಅದಕ್ಕೆ ಹಾಜರಿ ಪುಸ್ತಕದಲ್ಲಿ ಎಲ್ಲರ ಹೆಸರಿರಬೇಕು. ಅದನ್ನು ಈ ತಿಂಗಳೇ ಬರೆಯಬಹುದು.