ಚಿತ್ರೀಕರಣದ ಪರಿಭಾಷೆಯೂ ಕನ್ನಡಿಗರೂ

ಊರಿಗೊಬ್ಬ ಛಾಯಾಗ್ರಾಹಕನಿದ್ದರೆ ಅದೇ ದೊಡ್ಡ ಮಾತಾಗಿದ್ದ ಕಾಲವೊಂದಿತ್ತು. ಈಗಲಾದರೋ ಮನೆಮನೆಯಲ್ಲಿಯೂ ವೀಡಿಯೋ ತೆಗೆಯತಕ್ಕ ಯಂತ್ರವಿದೆ. ಲಗ್ನ, ಜಾತ್ರೆ, ಶಾಲೆಯ ವಾರ್ಷಿಕೋತ್ಸವ, ಗ್ರಾಮಸಭೆ, ಇವುಗಳಲ್ಲಿ ಯಾವುದೊಂದೂ ವೀಡಿಯೋ ಇಲ್ಲದೆ ಮುಗಿಯುವುದಿಲ್ಲ. ಆದರೆ ಯಂತ್ರವು ಕೈಗೆ ಬಂದಷ್ಟು ವೇಗವಾಗಿ ಅದರ ಮಾತು ನಮ್ಮ ತಿಳಿವಳಿಕೆಗೆ ಬಂದಿಲ್ಲ. ರೆಸಲ್ಯೂಷನ್, ಫ್ರೇಮ್ ರೇಟ್, ಕೋಡೆಕ್, ಬಿಟ್‌ರೇಟ್, ರೆಂಡರ್ ಎಂಬ ಶಬ್ದಗಳು ಬಾಯಿಂದ ಬಾಯಿಗೆ ಸುಳಿದಾಡುತ್ತಿವೆ. ಅವುಗಳ ಅರ್ಥವೇನೆಂದು ಕೇಳಿದರೆ ಹೇಳಬಲ್ಲವರು ವಿರಳ. ಈ ಅಜ್ಞಾನವು ಬರಿಯ ನಗೆಯ ವಿಷಯವೆಂದು ನಾವೂ ಬಹುಕಾಲ ಎಣಿಸಿದ್ದೆವು. ಅದು ಹಾಗಲ್ಲವೆಂಬುದನ್ನು ಸ್ವಂತ ನಷ್ಟದಿಂದ ಕಲಿತ ಮೇಲೆ ಈ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತಿದ್ದೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ಪತ್ರಿಕೆಯ ವತಿಯಿಂದ ದೊಡ್ಡಾಟದ ವೃದ್ಧ ಭಾಗವತರೊಬ್ಬರ ಹಾಡುಗಾರಿಕೆಯನ್ನೂ ಜೀವನವೃತ್ತಾಂತವನ್ನೂ ವೀಡಿಯೋ ಮಾಡಿಸಿದ್ದೆವು. ಮೂರು ತಾಸುಗಳ ಕಾಲ ಅವರು ಹಾಡಿದರು, ಮಾತಾಡಿದರು. ಕೆಲಸ ಮಾಡಿದ ತರುಣನು ಹದಿನೈದು ನಿಮಿಷಗಳ ಚಿತ್ರವನ್ನು ಅಂದವಾಗಿ ಸಿದ್ಧಪಡಿಸಿ ತಂದು, “ರೆಂಡರ್ ಆದದ್ದು ಇಷ್ಟರಿ. ರಾ ಫೂಟೇಜೂ ಬೇಕೇನ್ರಿ? ಅದಕ್ಕ ಬ್ಯಾರೆ ಹಾರ್ಡ್ ಡಿಸ್ಕ್ ತರಬೇಕಾಗತದ” ಎಂದು ಕೇಳಿದನು. ‘ರಾ’ ಎಂದರೆ ಕಚ್ಚಾ, ಕೆಲಸಕ್ಕೆ ಬಾರದ ಚೂರುಪಾರು ಎಂದು ನಾವು ತಿಳಿದೆವು. ತಿಳಿಯದೆಂದು ಹೇಳಿಕೊಳ್ಳುವುದಕ್ಕೆ ಸಂಪಾದಕತ್ವದ ಬಿಂಕವು ಅಡ್ಡಬಂದಿತು. “ಇಷ್ಟು ಸಾಕು” ಎಂದೆವು. ಲಗ್ನಸರಾಯಿ ಬಂದಾಗ ಆತನು ಡಿಸ್ಕನ್ನು ಅಳಿಸಿ ಬೇರೆ ಕೆಲಸಕ್ಕೆ ತೆಗೆದುಕೊಂಡನು. ಮರುವರ್ಷ ಭಾಗವತರು ತೀರಿಕೊಂಡರು. ಅವರ ಮೊಮ್ಮಗಳು ಕಚೇರಿಗೆ ಬಂದು, “ಅಜ್ಜಾ ಹಾಡಿದ್ದೆಲ್ಲಾ ನಿಮ್ಮ ಹತ್ರ ಐತಂತಲ್ರಿ” ಎಂದು ಕೇಳಿದಾಗ ನಮ್ಮಲ್ಲಿದ್ದುದು ಹದಿನೈದು ನಿಮಿಷ ಮಾತ್ರ. ಉಳಿದ ಎರಡು ತಾಸು ನಲವತ್ತೈದು ನಿಮಿಷಗಳು, ಎರಡು ಶಬ್ದಗಳ ಅರ್ಥ ನಮಗೆ ತಿಳಿಯದಿದ್ದ ಕಾರಣದಿಂದ ಹೋದುವು. ತರುಣನ ದೋಷ ಇದರಲ್ಲಿ ಲೇಶವೂ ಇಲ್ಲ. ಆತನು ಕೇಳಿದ್ದನು, ನಾವು ಕೇಳಲಿಲ್ಲ.

ಆದುದರಿಂದ ಆ ಶಬ್ದಗಳಿಂದಲೇ ಪ್ರಾರಂಭಿಸುವೆವು. ಕ್ಯಾಮೆರಾ ಕಂಡುದೆಲ್ಲವೂ ಕತ್ತರಿ ಬೀಳದೆ ಇದ್ದಂತೆಯೇ ಇರುವುದು ರಾ ಫೂಟೇಜು. ಅದೇ ಮೂಲಧನ. ಅದರಲ್ಲಿ ಬೇಕಾದುದನ್ನು ಆಯ್ದು, ಜೋಡಿಸಿ, ಗಣಕಯಂತ್ರದಿಂದ ಒಂದೇ ಹೊಸ ಫೈಲಾಗಿ ಲೆಕ್ಕ ಹಾಕಿಸಿ ತೆಗೆಯುವುದು ರೆಂಡರು. ಮೂಲವಿದ್ದರೆ ನೂರು ಸಲ ರೆಂಡರು ಮಾಡಬಹುದು. ರೆಂಡರಿನಿಂದ ಮೂಲವನ್ನು ಮರಳಿ ಪಡೆಯಲಾಗದು.

ಚಲಚ್ಚಿತ್ರವೆಂಬುದು ಚಲಿಸದ ಚಿತ್ರಗಳ ಸಾಲೇ ಆಗಿದೆ. ಒಂದೊಂದು ಚಿತ್ರವೂ ಒಂದು ಫ್ರೇಮು. ಸೆಕೆಂಡಿಗೆ ಎಷ್ಟು ಫ್ರೇಮುಗಳೆಂಬುದು ಫ್ರೇಮ್ ರೇಟು. ವಾಕ್ಚಿತ್ರಗಳು ಬಂದ ಕಾಲದಿಂದ ಸಿನೆಮಾಕ್ಕೆ ೨೪ ಎಂಬುದು ರೂಢಿ. ನಮ್ಮ ದೇಶದ ದೂರದರ್ಶನಕ್ಕೆ ೨೫. ನಮ್ಮ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತಗಳದು. ಆದಕಾರಣ ಟ್ಯೂಬ್‌ಲೈಟು ಸೆಕೆಂಡಿಗೆ ೧೦೦ ಸಲ ಮಿನುಗುತ್ತದೆ. ಷಟರನ್ನು ಸೆಕೆಂಡಿನ ೫೦ನೆಯ ಅಥವಾ ೧೦೦ನೆಯ ಒಂದು ಭಾಗಕ್ಕೆ ಇಟ್ಟರೆ ಪ್ರತಿಯೊಂದು ಫ್ರೇಮಿಗೂ ಸಮಾನವಾದ ಬೆಳಕು ಬೀಳುವುದು. ೬೦ನೆಯ ಒಂದು ಭಾಗಕ್ಕೆ ಇಟ್ಟರೆ ಚಿತ್ರದಲ್ಲಿ ಪಟ್ಟೆಗಳು ತೇಲಾಡುವ ಸಂಭವವುಂಟು. ಸಭಾಭವನದ ವೀಡಿಯೋ ಮಿಣುಗುಟ್ಟಿದಾಗ ಕ್ಯಾಮೆರಾ ಕೆಟ್ಟಿತೆಂದು ದೂರುವವರು ಮೊದಲು ಇದನ್ನು ನೋಡತಕ್ಕದ್ದು.

ರೆಸಲ್ಯೂಷನ್ ಎಂದರೆ ಒಂದು ಫ್ರೇಮಿನಲ್ಲಿರುವ ಚುಕ್ಕೆಗಳ ಎಣಿಕೆ. ಫುಲ್ ಎಚ್‌ಡಿಯಲ್ಲಿ ಅಡ್ಡಕ್ಕೆ ೧೯೨೦, ಉದ್ದಕ್ಕೆ ೧೦೮೦, ಒಟ್ಟು ೨೦,೭೩,೬೦೦ ಚುಕ್ಕೆಗಳು, ಮನೆಯ ಟಿ.ವಿ.ಗಳ ಫೋರ್ ಕೆ ಎಂಬುದರಲ್ಲಿ ಇದರ ನಾಲ್ಮಡಿ. ಚಿಕ್ಕದಾಗಿ ತೆಗೆದುದನ್ನು ಹಿಗ್ಗಿಸಿ ಫೋರ್ ಕೆ ಎಂದು ಹೆಸರಿಡಲು ಬರುತ್ತದೆ. ಆದರೆ ಹಾಲಿಗೆ ನೀರು ಬೆರಸಿದರೆ ಅಳತೆ ಹೆಚ್ಚೀತೇ ಹೊರತು ಹಾಲು ಹೆಚ್ಚದು.

ಚುಕ್ಕೆಗಳಷ್ಟೇ ಮುಖ್ಯವಾದುದು ಬಿಟ್‌ರೇಟು, ಅಂದರೆ ಒಂದು ಸೆಕೆಂಡಿನ ಚಿತ್ರಕ್ಕೆ ವೆಚ್ಚ ಮಾಡುವ ಮಾಹಿತಿಯ ಪ್ರಮಾಣ. ಫುಲ್ ಎಚ್‌ಡಿ ಚಿತ್ರವನ್ನು ಸೆಕೆಂಡಿಗೆ ೨೫ ಫ್ರೇಮಿನಂತೆ, ಚುಕ್ಕೆಯೊಂದಕ್ಕೆ ೨೪ ಬಿಟ್ಟುಗಳಂತೆ, ಒತ್ತದೆ ಬರೆದಿಟ್ಟರೆ ನಿಮಿಷವೊಂದಕ್ಕೆ ೯ ಗಿಗಾಬೈಟಿಗೂ ಮಿಕ್ಕ ಸ್ಥಳ ಬೇಕು. ಅದನ್ನು ಒತ್ತಿ ಕಿರಿದುಮಾಡುವ, ನೋಡುವಾಗ ಮರಳಿ ಬಿಡಿಸುವ ಗಣಿತವೇ ಕೋಡೆಕ್. ೨೦೦೩ರಲ್ಲಿ ಬಂದ ಎಚ್.೨೬೪ ಇದಕ್ಕೆ ಪ್ರಸಿದ್ಧ ಉದಾಹರಣೆ. ಸೆಕೆಂಡಿಗೆ ೧೦ ಮೆಗಾಬಿಟ್ಟಿನ ದರದಲ್ಲಿ ಅದೇ ನಿಮಿಷವು ೭೫ ಮೆಗಾಬೈಟಿನಲ್ಲಿ ಅಡಗುತ್ತದೆ. ಅತಿಯಾಗಿ ಒತ್ತಿದರೆ ಮುಖದ ಸುಕ್ಕು, ಸೀರೆಯ ಅಂಚು ಎಲ್ಲವೂ ಕಲಸಿಹೋಗುವುವು. ಎಂಪಿ೪ ಎಂಬುದು ಕೋಡೆಕ್ ಅಲ್ಲ, ಚಿತ್ರವನ್ನೂ ಧ್ವನಿಯನ್ನೂ ಒಟ್ಟಿಗೆ ಇಡುವ ಪೆಟ್ಟಿಗೆ. ಪೆಟ್ಟಿಗೆಯ ಹೆಸರಿನಿಂದ ಒಳಗಿನ ಬಟ್ಟೆಯ ನೇಯ್ಗೆ ತಿಳಿಯದು.

ಇವೆಲ್ಲವೂ ಕನ್ನಡಿಗರ ಬುದ್ಧಿಗೆ ನಿಲುಕದ ವಿಷಯಗಳೇ? ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ೧೯೪೬ರಲ್ಲಿ ಡಿಪ್ಲೊಮಾ ಪಡೆದ ವಿ. ಕೆ. ಮೂರ್ತಿಯವರು, ಸಿನೆಮಾಸ್ಕೋಪಿನ ಅಗಲವಾದ ಚೌಕಟ್ಟಿನಲ್ಲಿ ಭಾರತದ ಮೊದಲ ಚಿತ್ರವಾದ ‘ಕಾಗಜ್ ಕೇ ಫೂಲ್’ಅನ್ನು ೧೯೫೯ರಲ್ಲಿ ಜನರಿಗೆ ಕಾಣಿಸಿದರು. ಬುದ್ಧಿಗೆ ಕೊರತೆಯಿಲ್ಲ, ಅದಕ್ಕೆ ಬಾಗಿಲು ತೆರೆಯಬೇಕಾಗಿದೆ. ಇಂದು ಸಣ್ಣ ಊರುಗಳ ತರುಣರು ಬಲ್ಲವರ ಪಕ್ಕದಲ್ಲಿ ನಿಂತು, ಯಾವ ಗುಂಡಿಯನ್ನು ಒತ್ತಬೇಕೆಂಬುದನ್ನು ಕಲಿಯುತ್ತಾರೆ. ಏಕೆ ಒತ್ತಬೇಕೆಂಬುದನ್ನು ಅವರಿಗೆ ಕನ್ನಡದಲ್ಲಿ ಹೇಳುವವರು ಅಪರೂಪ. ಯಂತ್ರ ಬದಲಾದೊಡನೆ ಕಲಿತುದು ನಿರುಪಯೋಗಿಯಾಗುತ್ತದೆ, ಕೂಲಿ ಇದ್ದಲ್ಲಿಯೇ ಉಳಿಯುತ್ತದೆ.

ಇಂಗ್ಲಿಷು ಬಾರದವನಿಗೆ ಈ ಕೆಲಸವೇ ಬೇಡವೆನ್ನುವವರು ಒಂದು ಪಕ್ಷ. ಪ್ರತಿಯೊಂದು ಶಬ್ದಕ್ಕೂ ಸಂಸ್ಕೃತದ ಉದ್ದುದ್ದ ಸಮಾಸಗಳನ್ನು ಕಟ್ಟಿದ ಹೊರತು ಕನ್ನಡ ಉಳಿಯದೆನ್ನುವವರು ಮತ್ತೊಂದು ಪಕ್ಷ. ಎರಡೂ ನಮಗೆ ಒಪ್ಪಿಗೆಯಿಲ್ಲ. ೧೯೩೫ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಪ್ರಾರಂಭಿಸಿದ ಬಾನುಲಿ ಕೇಂದ್ರಕ್ಕೆ ಸಂದ ‘ಆಕಾಶವಾಣಿ’ ಎಂಬ ಹೆಸರನ್ನು ಮುಂದೆ ದೇಶವೇ ತೆಗೆದುಕೊಂಡಿತು. ಒಳ್ಳೆಯ ಶಬ್ದವು ತನ್ನ ದಾರಿಯನ್ನು ತಾನೇ ಕಂಡುಕೊಳ್ಳುವುದು. ಅಂಥ ಶಬ್ದ ಹುಟ್ಟುವವರೆಗೆ ಕೋಡೆಕ್ ಕೋಡೆಕ್ಕಾಗಿಯೇ ಇರಲಿ. ಶಬ್ದವು ಎರವಲಾದರೆ ಬಾಧಕವಿಲ್ಲ, ಅರ್ಥವು ಎರವಲಾಗಕೂಡದು.

ವೃತ್ತಿಶಿಕ್ಷಣ ಸಂಸ್ಥೆಗಳು ಈ ಪರಿಭಾಷೆಯನ್ನು ಕನ್ನಡದ ವಿವರಣೆಯೊಡನೆ ಕಲಿಸತಕ್ಕದ್ದು. ವೀಡಿಯೋ ಮಾಡಿಸುವ ಸಂಘಸಂಸ್ಥೆಗಳೂ ಗೃಹಸ್ಥರೂ ಕರಾರನ್ನು ಕನ್ನಡದಲ್ಲಿ ಬರೆಯಿಸಿ, ರೆಸಲ್ಯೂಷನ್ ಎಷ್ಟು, ಬಿಟ್‌ರೇಟು ಎಷ್ಟು, ಮೂಲ ಫೈಲು ಯಾರ ವಶದಲ್ಲಿ ಎಷ್ಟು ಕಾಲ ಇರತಕ್ಕದ್ದು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಮುಪ್ಪಿನ ಕಲಾವಿದರನ್ನು ಚಿತ್ರೀಕರಿಸುವವರಂತೂ ಮೂಲದ ಎರಡು ಪ್ರತಿಗಳನ್ನು ಎರಡು ಕಡೆಗಳಲ್ಲಿ ಇಡದೆ ಮನೆಗೆ ಹೋಗಕೂಡದು.

ಭಾಗವತರ ಆ ಹದಿನೈದು ನಿಮಿಷಗಳನ್ನು ಅವರ ಮೊಮ್ಮಗಳಿಗೆ ಕೊಟ್ಟಿದ್ದೇವೆ. ಉಳಿದುದನ್ನು ಕೊಡಲು ನಮ್ಮಿಂದ ಆಗದು. ಗೊತ್ತಿಲ್ಲವೆಂದು ಆ ದಿನ ಒಂದು ಮಾತು ಕೇಳಿದ್ದರೆ ನಮ್ಮ ಮಾನವೇನೂ ಹೋಗುತ್ತಿರಲಿಲ್ಲ. ವಾಚಕರಾದರೂ ಕೇಳಲು ನಾಚದಿರಲಿ.