ಕ್ಯಾಮೆರಾ ಮುರಿದ ಪಂಕ್ತಿಭೇದ: ಆಕ್ಷೇಪಗಳಿಗೆ ಉತ್ತರ

ಹತ್ತೊಂಬತ್ತನೇ ಶತಮಾನದ ನಡುಗಾಲದಲ್ಲಿ ಫ್ರೆಂಚ್ ಚಿತ್ರಕಲೆ ರಮ್ಯ ಪಂಥದಿಂದ ವಾಸ್ತವದ ಕಡೆಗೆ ಹೊರಳಿದ್ದರಲ್ಲಿ ಕ್ಯಾಮೆರಾದ ಪಾಲು ದೊಡ್ಡದು ಎಂದು ನಾನು ಬರೆದಾಗಿನಿಂದ ಆಕ್ಷೇಪಗಳಿಗೆ ಬರವಿಲ್ಲ. ಕೆಲವು ಬರೀ ಬೈಗುಳ, ಅವು ಹಾಗಿರಲಿ. ಉಳಿದವು ಓದಿಕೊಂಡವರ ಆಕ್ಷೇಪಗಳು, ಉತ್ತರ ಬೇಡುವಂಥವು. ಆದರೆ ಅರ್ಧದಷ್ಟು ಏಟು ನಾನು ಆಡದೇ ಇದ್ದ ಮಾತಿನ ಮೇಲೆ ಬಿದ್ದಿರುವುದರಿಂದ ನನ್ನ ವಾದವನ್ನು ಇನ್ನೊಮ್ಮೆ ಹೇಳಿಬಿಡುತ್ತೇನೆ. ಕ್ಯಾಮೆರಾ ಚಿತ್ರಕಾರರಿಗೆ ಹೊಸ ಶೈಲಿ ಕಲಿಸಿತು ಎಂದು ನಾನು ಹೇಳಿಲ್ಲ. ಕಲೆಯ ಊಟದ ಮನೆಯಲ್ಲಿ ದೇವದೇವತೆಯರಿಗೂ ರಾಜರಿಗೂ ಒಳಗಿನ ಸಾಲು, ಕೂಲಿಯವರಿಗೂ ಹಳ್ಳಿಗರಿಗೂ ಹೊರಗಿನ ಜಗಲಿ ಎಂಬ ಪಂಕ್ತಿಭೇದವಿತ್ತು. ಅದನ್ನು ಕ್ಯಾಮೆರಾ ಸಡಿಲಿಸಿತು, ಜೊತೆಗೆ ನೋಡುವವರ ಕಣ್ಣನ್ನು ಬದಲಿಸಿತು. ಹೇಳಿದ್ದು ಇಷ್ಟೇ.

ವಾಸ್ತವ ಚಿತ್ರಣ ಕ್ಯಾಮೆರಾಗಿಂತ ಹಳೆಯದು ಎಂಬುದು ಮೊದಲನೆಯ ಆಕ್ಷೇಪ. ಒಪ್ಪಿದೆ. ಡಾಗೆರ್‌ನ ಛಾಯಾಗ್ರಹಣ ವಿಧಾನವಾದ ಡಾಗೆರೊಟೈಪ್ ಪ್ಯಾರಿಸ್ಸಿನಲ್ಲಿ ಬಹಿರಂಗವಾದದ್ದು 1839ರಲ್ಲಿ. ಡಚ್ ಚಿತ್ರಕಾರ ವರ್ಮೀರ್ ಹಾಲು ಸುರಿಯುವ ಕೆಲಸದಾಕೆಯನ್ನು ಬರೆದದ್ದು ಹದಿನೇಳನೇ ಶತಮಾನದಲ್ಲಿ. ಇಂಗ್ಲೆಂಡಿನ ಕಾನ್‌ಸ್ಟೇಬಲ್ 1821ರಲ್ಲಿ ಬರೆದ ಹುಲ್ಲುಗಾಡಿಯ ಚಿತ್ರ 1824ರ ಪ್ಯಾರಿಸ್ ಸಲೋನ್ ಪ್ರದರ್ಶನದಲ್ಲಿ ಚಿನ್ನದ ಪದಕ ಪಡೆಯಿತು. 1981ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಪೀಟರ್ ಗಲಾಸಿ ಏರ್ಪಡಿಸಿದ ಪ್ರದರ್ಶನವನ್ನೂ ನನ್ನ ಮುಂದೆ ಹಿಡಿದಿದ್ದಾರೆ. ಛಾಯಾಗ್ರಹಣ ಚಿತ್ರಕಲೆಯ ಹೊಟ್ಟೆಯಲ್ಲೇ ಹುಟ್ಟಿದ ಕೂಸು ಎಂಬುದು ಗಲಾಸಿಯ ವಾದ. ಅದಕ್ಕೆ ಸಾಕ್ಷಿಯಾಗಿ ಹದಿನೆಂಟನೇ ಶತಮಾನದ ಕೊನೆಗೆ ವಾಲಾಂಸಿಯೆನ್ ಬರೆದ ರೋಮ್ ನಗರದ ಮಾಡುಗಳ ಪುಟ್ಟ ತೈಲಚಿತ್ರಗಳಿವೆ. ಅವು ಸೊಗಸಾದವು, ಫೋಟೊದ ಹಾಗೆಯೇ ಎಲ್ಲೆಂದರಲ್ಲಿ ಕತ್ತರಿಸಿದಂತಿವೆ.

ಆದರೆ ಆ ಪುಟ್ಟ ಚಿತ್ರಗಳನ್ನು ವಾಲಾಂಸಿಯೆನ್ ಏನು ಮಾಡಿದ? ಅಭ್ಯಾಸಕ್ಕೆಂದು ತನ್ನ ಬಳಿ ಇಟ್ಟುಕೊಂಡ. ಪ್ರದರ್ಶನಕ್ಕೆ ಕಳಿಸಿದ್ದು ಪುರಾಣದ ಪಾತ್ರಗಳು ಓಡಾಡುವ ದೊಡ್ಡ ಭೂದೃಶ್ಯಗಳನ್ನು. ವರ್ಮೀರನ ಕೆಲಸದಾಕೆ ಇರುವುದೂ ಒಂದೂವರೆ ಅಡಿಯ ಕ್ಯಾನ್ವಾಸಿನಲ್ಲಿ. ಸಣ್ಣವರಿಗೆ ಸಣ್ಣ ಚಿತ್ರ ಎಂಬ ಕಲಾ ಅಕಾಡೆಮಿಯ ಕಟ್ಟಳೆ ಎಲ್ಲೂ ಮುರಿದಿರಲಿಲ್ಲ. ಅದು ಮುರಿದದ್ದು 1850ರ ಕೊನೆಗೆ ತೆರೆದ ಸಲೋನ್‌ನಲ್ಲಿ. ಗುಸ್ತಾವ್ ಕೂರ್ಬೆ ತನ್ನೂರು ಒರ್ನಾನ್‌ನ ಒಂದು ಸಾಮಾನ್ಯ ಶವಸಂಸ್ಕಾರವನ್ನು ಸುಮಾರು 22 ಅಡಿ ಅಗಲದ ಕ್ಯಾನ್ವಾಸಿನ ಮೇಲೆ ತಂದು ನಿಲ್ಲಿಸಿದ. ಊರಿನವರನ್ನೇ ಕರೆದು ನಿಲ್ಲಿಸಿಕೊಂಡು ಬರೆದದ್ದು. ಅಷ್ಟು ಅಗಲದ ಬಟ್ಟೆ ಅಲ್ಲಿಯವರೆಗೆ ಬಹುಮಟ್ಟಿಗೆ ನೆಪೋಲಿಯನ್ನನಂಥವರಿಗೆ ಮೀಸಲಾಗಿತ್ತು. ಹುಲ್ಲುಗಾಡಿಗೂ ಈ ಶವಸಂಸ್ಕಾರಕ್ಕೂ ನಡುವಿನ ಕಾಲು ಶತಮಾನದಲ್ಲಿ ಏನೋ ಆಗಿರಲೇಬೇಕು.

ಆದದ್ದು 1848ರ ಕ್ರಾಂತಿ, ಕ್ಯಾಮೆರಾ ಅಲ್ಲ ಎನ್ನುತ್ತಾರೆ. ಎಲ್ಲಕ್ಕಿಂತ ಬಲವಾದ ಆಕ್ಷೇಪ ಇದು. ಫೆಬ್ರವರಿಯಲ್ಲಿ ದೊರೆ ಓಡಿಹೋದ, ಗಂಡಸರಿಗೆಲ್ಲ ಮತದಾನದ ಹಕ್ಕು ಬಂತು, ಜೂನ್‌ನಲ್ಲಿ ಕಾರ್ಮಿಕರು ದಂಗೆಯೆದ್ದರು, ಸರ್ಕಾರ ಅವರನ್ನು ಕೊಂದು ಹಾಕಿತು. ಕಲ್ಲು ಒಡೆಯುವವನೂ ಬಿತ್ತುವವನೂ ದೇಶದ ಲೆಕ್ಕಕ್ಕೆ ಬಂದ ಮೇಲೆ ಚಿತ್ರಕ್ಕೂ ಬಂದರು ಎಂಬ ವಿವರಣೆಯಲ್ಲಿ ಸುಳ್ಳಿಲ್ಲ. ರಾಜಕೀಯವನ್ನು ಬಿಟ್ಟು ಕೂರ್ಬೆ ಅರ್ಥವಾಗುವುದಿಲ್ಲ ಎಂಬುದನ್ನೂ ಒಪ್ಪುತ್ತೇನೆ. ಆದರೆ ಈ ಎರಡು ಕಾರಣಗಳನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸುವುದೇಕೆ? 1848ರ ಜೂನ್ 25 ಮತ್ತು 26ರಂದು ತಿಬೋ ಎಂಬಾತ ಪ್ಯಾರಿಸ್ಸಿನ ಸೈಂಟ್ ಮೋರ್ ಬೀದಿಯ ತಡೆಗೋಡೆಗಳನ್ನು ಎತ್ತರದಿಂದ ಡಾಗೆರೊಟೈಪ್ ತೆಗೆದ, ದಾಳಿಗೆ ಮುಂಚೆ ಒಂದು, ಆಮೇಲೆ ಒಂದು. ಅವನ್ನು ಮರದಚ್ಚಿಗೆ ಇಳಿಸಿ ‘ಇಲ್ಯುಸ್ತ್ರಾಸಿಯೋಂ’ ಪತ್ರಿಕೆ ಮುದ್ರಿಸಿತು. ಅದೇ ಊರಿನ 1830ರ ದಂಗೆಯನ್ನು ರಮ್ಯ ಪಂಥದ ದೆಲಾಕ್ರುವಾ ಬರೆದಾಗ ಎದೆ ತೆರೆದ ಸ್ವಾತಂತ್ರ್ಯದೇವತೆ ಬಾವುಟ ಹಿಡಿದು ಹೆಣಗಳನ್ನು ದಾಟಿ ಬರುತ್ತಾಳೆ. ತಿಬೋನ ಮೊದಲ ತಟ್ಟೆಯಲ್ಲಿ ಇರುವುದು ನೆಲದಿಂದ ಕಿತ್ತ ಕಲ್ಲಿನ ಗುಡ್ಡೆಗಳು, ಮುಚ್ಚಿದ ಕಿಟಕಿಗಳು, ಖಾಲಿ ಬೀದಿ. ದೇವತೆ ಬಂದಿಲ್ಲ. ಮರುವರ್ಷ ಮೆಸೊನಿಯೆ ಅದೇ ಜೂನ್ ದಂಗೆಯ ಒಂದು ಸಣ್ಣ ಚಿತ್ರ ಬರೆದ. ಅದರಲ್ಲೂ ದೇವತೆ ಇಲ್ಲ, ಕಲ್ಲಿನ ಜೊತೆ ಹೆಣಗಳು ರಾಶಿ ಬಿದ್ದಿವೆ. ಅವನು ಫೋಟೊ ನೋಡಿ ಬರೆದ ಎನ್ನುತ್ತಿಲ್ಲ. ಕಾವಲುಪಡೆಯಲ್ಲಿದ್ದವನು, ಕಣ್ಣಾರೆ ಕಂಡಿದ್ದ. ದಂಗೆ ಎಂದರೆ ಹೀಗೂ ಕಾಣುತ್ತದೆ, ಹೀಗೆಯೇ ತೋರಿಸಬಹುದು ಎಂಬುದು ಆ ವೇಳೆಗೆ ಪತ್ರಿಕೆ ಓದುವ ಜನಕ್ಕೂ ಗೊತ್ತಾಗಿತ್ತು ಎಂದಷ್ಟೇ ನನ್ನ ಮಾತು. ಯಾರನ್ನು ನೋಡಬೇಕು ಎಂದು ಕ್ರಾಂತಿ ಹೇಳಿತು. ಅಲಂಕಾರ ಕಳಚಿ ನೋಡುವ ಅಭ್ಯಾಸ ಬೇರೆ ಕಡೆಯಿಂದ ಬಂತು.

ಕೂರ್ಬೆಯ ಚಿತ್ರ ಫೋಟೊದಂತೆ ಇಲ್ಲವೇ ಇಲ್ಲ, ಒರ್ನಾನ್‌ನ ಆ ಮುಖಗಳ ಸಾಲು ಸಂತೆಯಲ್ಲಿ ಮಾರುವ ಮರದಚ್ಚಿನ ಚಿತ್ರಗಳಿಂದ ಬಂದದ್ದು ಎಂದು ಇನ್ನು ಕೆಲವರು. ಅವನ ಸ್ನೇಹಿತ, ವಾಸ್ತವವಾದದ ವಕೀಲ ಶಾಂಫ್ಲೂರಿಯ ಮಾತನ್ನೂ ಎಳೆದು ತಂದಿದ್ದಾರೆ: ಒಂದೇ ಬಯಲಿಗೆ ಹತ್ತು ಕ್ಯಾಮೆರಾದವರನ್ನು ಕಳಿಸಿದರೆ ಹತ್ತೂ ಚಿತ್ರ ಒಂದೇ, ಹತ್ತು ಚಿತ್ರಕಾರರನ್ನು ಕಳಿಸಿದರೆ ಒಂದರಂತೆ ಇನ್ನೊಂದಿಲ್ಲ ಎಂಬ ಅವನ ವಾದ. ಶಾಂಫ್ಲೂರಿ ಇದನ್ನು ಏಕೆ ಹೇಳಬೇಕಾಯಿತು ಎಂದು ಮಾತ್ರ ಯಾರೂ ಕೇಳಿಲ್ಲ. ‘ನೀವು ಬರೆಯುವುದು ಡಾಗೆರೊಟೈಪ್’ ಎಂಬ ಆಪಾದನೆ ವಾಸ್ತವವಾದಿಗಳ ಮೇಲೆ ದಿನವೂ ಬೀಳುತ್ತಿತ್ತು. ಹಳೆಯ ಪಂಥದ ವಿಮರ್ಶಕ ದೆಲೆಕ್ಲೂಜ್ ಒರ್ನಾನ್ ಶವಸಂಸ್ಕಾರವನ್ನು ಕೆಟ್ಟುಹೋದ ಡಾಗೆರೊಟೈಪಿಗೆ ಹೋಲಿಸಿದ್ದ. ಅಂದಿನ ಕಣ್ಣಿಗೆ ಆ ನಂಟು ಎದ್ದು ಕಾಣುತ್ತಿತ್ತು. ನಮಗೆ ಕಾಣದಿದ್ದರೆ ನಾವು ಫೋಟೊಗಳ ನಡುವೆಯೇ ಹುಟ್ಟಿದವರು ಎಂಬುದು ಕಾರಣ.

ನಂಟಿನ ದಾಖಲೆಯೂ ಇದೆ. ಡಾಗೆರೊಟೈಪ್ ಬಹಿರಂಗವಾದ ವರ್ಷವೇ ಇಪ್ಪತ್ತರ ಹರೆಯದ ಕೂರ್ಬೆ ಪ್ಯಾರಿಸ್ಸಿಗೆ ಬಂದ. ‘ಕಲ್ಲು ಒಡೆಯುವವರು’ ಚಿತ್ರದ ವಿಷಯ ತನಗೆ ರಸ್ತೆಯಲ್ಲಿ ಹೇಗೆ ಸಿಕ್ಕಿತೆಂದು 1849ರಲ್ಲಿ ಅವನು ಪತ್ರ ಬರೆದು ತಿಳಿಸಿದ್ದು ಫ್ರಾನ್ಸಿಸ್ ವೇ ಎಂಬ ಲೇಖಕನಿಗೆ. ಇದೇ ವೇ 1851ರಲ್ಲಿ ‘ಲಾ ಲ್ಯುಮಿಯೇರ್’ ಎಂಬ ಛಾಯಾಗ್ರಹಣ ಪತ್ರಿಕೆಯಲ್ಲಿ, ಈ ಹೊಸ ಸಾಧನ ಲಲಿತಕಲೆಗಳ ಮೇಲೆ ಬೀರುವ ಪ್ರಭಾವದ ಬಗ್ಗೆಯೇ ಲೇಖನ ಬರೆದ. 1854ರಲ್ಲಿ ತನ್ನ ಚಿತ್ರಶಾಲೆಯನ್ನೇ ದೊಡ್ಡ ಚಿತ್ರವಾಗಿ ಬರೆಯುತ್ತಿದ್ದ ಕೂರ್ಬೆ, ನಡುವೆ ನಿಲ್ಲುವ ನಗ್ನ ಹೆಣ್ಣಿಗಾಗಿ ಒಂದು ಫೋಟೊ ಕಳಿಸು ಎಂದು ಆಶ್ರಯದಾತ ಬ್ರೂಯಾಸ್‌ನನ್ನು ಕೇಳಿದ. (‘ಕಲ್ಲು ಒಡೆಯುವವರು’ ಎರಡನೇ ಮಹಾಯುದ್ಧದಲ್ಲಿ ನಾಶವಾಯಿತು. ಆ ದೊಡ್ಡ ಚಿತ್ರವನ್ನು ಇಂದು ನಾವು ಬಲ್ಲದ್ದು ಫೋಟೊದಿಂದಲೇ.)

ಇನ್ನು ದೆಲಾಕ್ರುವಾ. ರಮ್ಯ ಪಂಥದ ಮುಂದಾಳುವೇ ಕ್ಯಾಮೆರಾದ ಗೆಳೆಯನಾಗಿದ್ದ, 1851ರಲ್ಲಿ ಹುಟ್ಟಿದ ಛಾಯಾಗ್ರಹಣ ಸಂಘದಲ್ಲಿ ಸದಸ್ಯನಾಗಿದ್ದ, ಫೋಟೊ ಇಟ್ಟುಕೊಂಡೂ ಕೊನೆಯವರೆಗೆ ರಮ್ಯ ಚಿತ್ರಗಳನ್ನೇ ಬರೆದ. ಹೀಗಿರುವಾಗ ನಿಮ್ಮ ವಾದ ನಿಲ್ಲುವುದೆಲ್ಲಿ ಎಂಬ ಪ್ರಶ್ನೆ. ನನ್ನ ವಾದ ಗಟ್ಟಿಯಾಗಿ ನಿಲ್ಲುವುದು ಇಲ್ಲಿಯೇ. 1853ರ ಮೇ ತಿಂಗಳಲ್ಲಿ ಅವನು ದಿನಚರಿಯಲ್ಲಿ ಬರೆದುಕೊಂಡ ಒಂದು ಪ್ರಸಂಗ ಇದೆ. ಮನೆಗೆ ಬಂದವರ ಮುಂದೆ ನಗ್ನ ರೂಪದರ್ಶಿಗಳ ಕೆಲವು ಫೋಟೊಗಳನ್ನು ಹರಡಿದ. ರೂಪದರ್ಶಿಗಳೇನೂ ಅಂದಗಾರರಲ್ಲ, ಕೆಲವರ ಮೈಕಟ್ಟು ನೋಡಲು ಹಿತವಾಗಿಯೂ ಇರಲಿಲ್ಲ. ಅವನ್ನು ನೋಡಿ ಮುಗಿದ ಮೇಲೆ ಮಾರ್ಕಾಂತೋನಿಯೊನ ಕೆತ್ತನೆಗಳನ್ನು ಮುಂದಿಟ್ಟ. ರಾಫೆಲ್‌ನ ಚಿತ್ರಗಳನ್ನು ತಾಮ್ರದ ಮೇಲೆ ಕೆತ್ತಿದ ಆ ಇಟಲಿಯವನನ್ನು ಮುನ್ನೂರು ವರ್ಷಗಳಿಂದ ವಿದ್ಯಾರ್ಥಿಗಳು ಗುರುವೆಂದು ನಕಲು ಮಾಡುತ್ತಾ ಬಂದಿದ್ದರು. ಆ ಹೊತ್ತು ಮಾತ್ರ ಅಲ್ಲಿದ್ದವರಿಗೆಲ್ಲ ಆ ಕೆತ್ತನೆಗಳು ಅಸಹಜವಾಗಿ, ತಪ್ಪುತಪ್ಪಾಗಿ, ಹೆಚ್ಚುಕಡಿಮೆ ಹೇಸಿಗೆ ಹುಟ್ಟಿಸುವಂತೆ ಕಂಡವು. ಆತಿಥೇಯನಿಗೂ ಹಾಗೆಯೇ.

ಇಲ್ಲಿ ಬದಲಾದದ್ದು ಯಾರ ಕುಂಚವೂ ಅಲ್ಲ. ಮಾರ್ಕಾಂತೋನಿಯೊನ ಒಂದು ಗೆರೆಯೂ ಅತ್ತಿತ್ತ ಸರಿದಿಲ್ಲ. ಒಂದು ಸಂಜೆಯಲ್ಲಿ ನೋಡುವವರ ಕಣ್ಣು ಬದಲಾಯಿತು. ಐವತ್ತು ದಾಟಿದ, ರಾಫೆಲ್‌ನನ್ನು ಆರಾಧಿಸುತ್ತಲೇ ಬೆಳೆದ ದೆಲಾಕ್ರುವಾನಿಗೇ ಹೀಗಾದರೆ, ಅಂಗಡಿಯ ಕಿಟಕಿಯಲ್ಲಿ ಡಾಗೆರೊಟೈಪ್ ನೋಡುತ್ತಲೇ ಬೆಳೆದ ಹುಡುಗರ ಗತಿ ಏನು? ಮುಂದಿನ ವರ್ಷ ಅವನು ಛಾಯಾಗ್ರಾಹಕ ದ್ಯುರಿಯು ಜೊತೆ ಸೇರಿ ರೂಪದರ್ಶಿಗಳ ಫೋಟೊ ತೆಗೆಸಿದ, ಅಂಥದೊಂದನ್ನು ಆಧರಿಸಿ 1857ರಲ್ಲಿ ಅಂತಃಪುರದ ಹೆಣ್ಣೊಬ್ಬಳನ್ನು ಬರೆದ ಎಂಬುದೂ ನಿಜವೇ. ಅವನ ಕೈ ಹಳೆಯ ದಾರಿ ಬಿಡಲಿಲ್ಲ. ಬಿಟ್ಟಿತು ಎಂದು ನಾನೆಲ್ಲೂ ಹೇಳಿಲ್ಲ.

ಫೋಟೊ ತೆಗೆಯುವವರೇ ರಮ್ಯ ಚಿತ್ರಗಳನ್ನು ನಕಲು ಮಾಡುತ್ತಿದ್ದರಲ್ಲ ಎಂಬ ಆಕ್ಷೇಪಕ್ಕೆ ನಾನೇ ಇನ್ನಷ್ಟು ಸಾಕ್ಷಿ ಒದಗಿಸಬಲ್ಲೆ. ಡಾಗೆರ್ ಸ್ವತಃ ಬೆಳದಿಂಗಳಲ್ಲಿ ಮುಳುಗಿದ ಪಾಳು ಚರ್ಚನ್ನು ಬರೆದು, ಬೆಳಕಿನ ಆಟ ತೋರಿಸಿ ಟಿಕೆಟ್ ಮಾರಿದವನು. ಛಾಯಾಗ್ರಾಹಕ ರೆಜ್ಲಾಂಡರ್ 1857ರಲ್ಲಿ ಮೂವತ್ತಕ್ಕೂ ಹೆಚ್ಚು ನೆಗೆಟಿವ್ ಜೋಡಿಸಿ ಪಾಪಪುಣ್ಯಗಳ ಕಥೆ ಹೇಳಿದ. ನಮ್ಮ ಹಂಪಿಗೂ 1856ರಲ್ಲಿ ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ದೊಡ್ಡ ಕಾಗದದ ನೆಗೆಟಿವ್‌ಗಳನ್ನು ಹೊತ್ತು ಬಂದ. ಅವನ ಕ್ಯಾಮೆರಾ ತಿರುಗಿದ್ದೂ ರಮ್ಯ ಪಂಥದವರು ಮೋಹಿಸಿದ ಪಾಳುಗುಡಿಗಳ ಕಡೆಗೇ. ಯಂತ್ರಕ್ಕೆ ಪಂಥವಿಲ್ಲ.

ಆದರೂ ಒಂದು ವ್ಯತ್ಯಾಸ ಇದೆ. ಕುಂಚ ಹಿಡಿದವನು ಬೇಡವೆಂದದ್ದು ಚಿತ್ರಕ್ಕೆ ಬರುವುದಿಲ್ಲ. ಕ್ಯಾಮೆರಾದಲ್ಲಿ ಬೇಡವೆಂದದ್ದೂ ಬಂದುಬಿಡುತ್ತದೆ. 1838ರಲ್ಲಿ ಡಾಗೆರ್ ತನ್ನ ಕಿಟಕಿಯಿಂದ ತಾಂಪ್ಲ್ ರಸ್ತೆಯನ್ನು ತೆಗೆದಾಗ ತಟ್ಟೆಗೆ ನಿಮಿಷಗಟ್ಟಲೆ ಬೆಳಕು ಬೇಕಿತ್ತು. ಗಾಡಿಗಳೂ ಜನರೂ ಚಲನೆಯಲ್ಲೇ ಕರಗಿಹೋದರು. ಬೂಟು ಉಜ್ಜಿಸಿಕೊಳ್ಳುತ್ತಾ ಅಲುಗದೆ ನಿಂತವನೊಬ್ಬ ಮಾತ್ರ ಉಳಿದ, ಉಜ್ಜುವವನೂ ಮಸುಕಾಗಿ ಜೊತೆಗೆ ಬಂದ. ಅವರನ್ನು ಯಾರೂ ಆರಿಸಿ ತಂದಿರಲಿಲ್ಲ. ತಾನು ಗಮನಿಸಿರದ ಗೋಡೆಬರಹ, ಗಡಿಯಾರದ ಮುಳ್ಳು ಫೋಟೊದಲ್ಲಿ ಆಮೇಲೆ ಕಾಣಸಿಗುವ ಬೆರಗಿನ ಬಗ್ಗೆ ಇಂಗ್ಲೆಂಡಿನ ಛಾಯಾಗ್ರಹಣ ಪ್ರವರ್ತಕ ಟಾಲ್ಬಟ್ ತನ್ನ 1844ರ ಪುಸ್ತಕದಲ್ಲೇ ಹೇಳಿದ್ದಾನೆ. ಚಿತ್ರಕಾರನಾಗಿ ತರಬೇತಾದ ಶಾರ್ಲ್ ನೇಗ್ರ್ 1851ರಲ್ಲಿ ಸೆನ್ ನದಿಯ ದಂಡೆಯ ಮೇಲೆ ನಡೆಯುವ ಚಿಮಣಿ ಗುಡಿಸುವವರ ಫೋಟೊ ತೆಗೆದ. ಅವರು ನಡೆಯುತ್ತಿರಲಿಲ್ಲ, ನಡೆಯುವ ಭಂಗಿಯಲ್ಲಿ ನಿಂತಿದ್ದರು ಎಂದು ನನ್ನನ್ನು ಹಿಡಿಯಲು ಬಂದಿದ್ದಾರೆ. ನಿಂತಿದ್ದರು, ಹೌದು. ಕೂರ್ಬೆಯ ಕಲ್ಲು ಒಡೆಯುವವರನ್ನೂ ರಸ್ತೆಯಿಂದ ಚಿತ್ರಶಾಲೆಗೆ ಕರೆದು ನಿಲ್ಲಿಸಿದ್ದೇ. ಮಸಿ ಮೆತ್ತಿದ ಹುಡುಗರನ್ನು ನಿಲ್ಲಿಸಬೇಕೆಂದು ತೋಚಿತಲ್ಲ, ಅದು ಮುಖ್ಯ.

ಕವಿ ಬೋದಿಲೇರ್‌ನನ್ನು ವಿರೋಧಿಗಳು ತಮ್ಮ ಕಡೆಯ ಸಾಕ್ಷಿಯಾಗಿ ಕರೆಸಿದ್ದಾರೆ. ಛಾಯಾಗ್ರಹಣ ಕಲೆಗಳ ಆಳಾಗಿರಬೇಕು, ಅದಕ್ಕಿಂತ ಮೇಲೇರಬಾರದು ಎಂದು ಅವನು 1859ರ ಸಲೋನ್ ವಿಮರ್ಶೆಯಲ್ಲಿ ಕಿಡಿಕಾರಿದ್ದು ಹೌದು. ಪೂರ್ತಿ ಓದಿ ನೋಡಿ: ಚಿತ್ರಕಾರರು ಕನಸನ್ನು ಬಿಟ್ಟು ಕಣ್ಣಿಗೆ ಕಂಡದ್ದಕ್ಕೆ ತಲೆಬಾಗುತ್ತಿದ್ದಾರೆ, ಜನರ ರುಚಿಯನ್ನು ಈ ಉದ್ಯಮ ಕೆಡಿಸಿದೆ ಎಂಬುದೇ ಅವನ ಅಳಲು. ನಾನು ಹೇಳಿದ್ದನ್ನೇ ಅವನು ಶಾಪದ ಧಾಟಿಯಲ್ಲಿ ಹೇಳಿದ್ದಾನೆ.

ಇಷ್ಟು ಹೇಳಿ, ನನ್ನ ಪರವಾಗಿ ವಾದಿಸಿದವರಿಗೂ ಎರಡು ಮಾತು. ಡಾಗೆರೊಟೈಪ್ ಕಂಡೊಡನೆ ‘ಇನ್ನು ಚಿತ್ರಕಲೆ ಸತ್ತಿತು’ ಎಂದು ಚಿತ್ರಕಾರ ದೆಲಾರೋಶ್ ಉದ್ಗರಿಸಿದನೆಂಬ ಕಥೆಯನ್ನು ದಯವಿಟ್ಟು ಕೈಬಿಡಿ. ಅದಕ್ಕೆ ಆ ಕಾಲದ ಆಧಾರವಿಲ್ಲ. ಅವನು ವಿಜ್ಞಾನಿ ಅರಾಗೊಗೆ ಬರೆದುಕೊಟ್ಟದ್ದು ಮೆಚ್ಚುಗೆಯ ವರದಿ. ಇದು ಚಿತ್ರಕಾರರಿಗೆ ಉಪಯುಕ್ತ ಎಂದೇ ಅದರಲ್ಲಿದೆ. ಛಾಯಾಗ್ರಾಹಕರಾದ ನೇಗ್ರ್ ಮತ್ತು ಲೆ ಗ್ರೇ ಅವನ ಶಿಷ್ಯರೇ. ಛಾಯಾಗ್ರಾಹಕ ಮಯ್‌ಬ್ರಿಜ್‌ನ ಓಡುವ ಕುದುರೆಯನ್ನೂ ಇಲ್ಲಿಗೆ ಎಳೆಯಬೇಡಿ. ನಾಲ್ಕು ಕಾಲೂ ಚಾಚಿ ಹಾರುವ ಚಿತ್ರಕಾರ ಜೆರಿಕೊನ 1821ರ ಕುದುರೆಗಳು ತಪ್ಪೆಂದು ಆ ಫೋಟೊಗಳು ತೋರಿಸಿದ್ದು 1878ರಲ್ಲಿ. ಅಷ್ಟರಲ್ಲಿ ಕೂರ್ಬೆ ತೀರಿಕೊಂಡು ಕೆಲವು ತಿಂಗಳೇ ಕಳೆದಿದ್ದವು.